ಮಡಿ ಕೊಳವೆ

ಅಂಜಿನಪ್ಪ ಕುಡಿದು ಸತ್ತ ಅಂದರು.

ಮೊದಲು ಅಂದವರು ಆಸ್ಪತ್ರೆಯ ಡಾಕ್ಟರು. ಹಳದಿಗಟ್ಟಿದ್ದ ಅವನ ಕಣ್ಣಿನ ರೆಪ್ಪೆಯನ್ನು ಪೆನ್ನಿನ ತುದಿಯಿಂದ ಎತ್ತಿ ನೋಡಿ, "ಎಷ್ಟು ವರ್ಷದಿಂದ ಕುಡೀತಿದ್ದ?" ಎಂದು ಕೇಳಿದರು.

"ಕುಡಿಯಲ್ಲ ಸಾರ್" ಎಂದಳು ಹೆಂಡತಿ ಪಿಳ್ಳಮ್ಮ.

ಡಾಕ್ಟರು ನಕ್ಕರು. ಕೆಟ್ಟ ನಗೆಯಲ್ಲ. ದಿನಾ ಅದೇ ಸುಳ್ಳು ಕೇಳಿ ಅಭ್ಯಾಸವಾದವರ ನಗೆ. "ಎಲ್ಲರ ಹೆಂಡ್ರೂ ಹಾಗೇ ಹೇಳ್ತಾರಮ್ಮ. ಲಿವರ್ ಸುಳ್ಳು ಹೇಳಲ್ಲ."

ಆಮೇಲೆ ಪಿಳ್ಳಮ್ಮನ ಜೊತೆ ಕಸ ಗುಡಿಸುವವರ ಮೇಸ್ತ್ರಿ ಅಂದ. ಕೊನೆಗೆ ಕೇರಿಯವರೂ ಅಂದರು. ಹೆಂಡದ ವಾಸನೆ ಬಂದರೆ ಅಂಜಿನಪ್ಪ ಬೀದಿಯ ಆಚೆ ಬದಿಗೆ ದಾಟುತ್ತಿದ್ದದ್ದನ್ನು ಅವರೆಲ್ಲ ಕಂಡಿದ್ದರು. ಡಾಕ್ಟರು ಹೇಳಿದ ಮೇಲೆ ಕಂಡದ್ದನ್ನೇ ಅನುಮಾನಿಸಿದರು. "ಗುಟ್ಟಾಗಿ ಹಾಕ್ತಿದ್ನೇನೋ ಬಿಡಕ್ಕ. ಗಂಡಸರ ಹಣೇಬರಹ ಯಾರು ಕಂಡವ್ರೆ" ಎಂದಳು ಪಕ್ಕದ ಮನೆಯ ನರಸಮ್ಮ, ಸಮಾಧಾನ ಹೇಳುವ ಹಾಗೆ.

"ಹೌದು, ಕುಡೀತಿದ್ದ" ಎಂದಳು ಪಿಳ್ಳಮ್ಮ. "ನೀರು ಕುಡೀತಿದ್ದ. ಈ ಬಾವಿ ನೀರು."

ನರಸಮ್ಮ ಸೆರಗು ಕೊಡವಿಕೊಂಡು ಎದ್ದು ಹೋದಳು. ಅವಳ ಮನೆಯಲ್ಲೂ ಕುಡಿಯುವುದು ಅದೇ ನೀರು.

ಚಾಮರಾಜಪೇಟೆಯ ದೊಡ್ಡ ಬೀದಿಗಳ ಹಿಂದೆ ಸಣ್ಣ ಓಣಿಗಳಿವೆ. ಹಿಂದಿನ ಕಾಲದಲ್ಲಿ ಮಲದ ಡಬ್ಬ ಹೊರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದುಹೋಗಲಿ ಎಂದು ಬಿಟ್ಟ ದಾರಿಗಳು. ಹೊತ್ತವರು ಅಂಥದೊಂದು ಓಣಿಯ ತುದಿಯಲ್ಲೇ ಗುಡಿಸಲು ಹಾಕಿಕೊಂಡರು. ಗುಡಿಸಲುಗಳು ಶೀಟಿನ ಮನೆಗಳಾದವು. ಅದೇ ಪಿಳ್ಳಮ್ಮನ ಕೇರಿ. ನಡುವೆ ಒಂದು ಸೇದುವ ಬಾವಿ. ನಲ್ಲಿಯಲ್ಲಿ ಕಾವೇರಿ ನೀರು ಬರುತ್ತದೆ, ಬಂದಾಗ. ಬಾರದಾಗ ಬಾವಿಯೇ ಗತಿ.

ಆ ಬಾವಿ ಸುಮ್ಮನೆ ಆದದ್ದಲ್ಲ. ಪಿಳ್ಳಮ್ಮನ ಅಪ್ಪ ಎಳೆಯನಾಗಿದ್ದಾಗ ಒಂದು ಬೇಸಿಗೆಯಲ್ಲಿ ಬಾಯಾರಿ ಗೋಡೆ ಹಾರಿದ. ಆಚೆ ಇದ್ದದ್ದು ದೊಡ್ಡ ಬೀದಿಯ ದೊಡ್ಡಬೈರಪ್ಪನವರ ಅಜ್ಜನ ಹಿತ್ತಿಲು. ಅಲ್ಲಿಯ ಬಾವಿಯ ಹಗ್ಗ ಹಿಡಿದ. ಅದೇ ಹಗ್ಗದಿಂದ ಅವನ ಬೆನ್ನಿಗೆ ಹೊಡೆದರು. ಬಾವಿ ಮೈಲಿಗೆಯಾಯಿತೆಂದು ಹೋಮ ಮಾಡಿಸಿದರು. ಬೆನ್ನಿನ ಬರೆ ಮಾಯುವ ಮೊದಲೇ ಕೇರಿಯವರು ಗುದ್ದಲಿ ಹಿಡಿದು ತಮ್ಮ ಬಾವಿ ತೋಡಿದರು. ಗಂಗೆ ಬಂದಳು. ಗಂಗಮ್ಮ ಜಾತಿ ಕೇಳುವುದಿಲ್ಲ. ಯಾರು ಬೆವರು ಸುರಿಸಿ ತೋಡಿದರೂ ಬರುತ್ತಾಳೆ.

ಈಗ ಗೋಡೆಯಾಚೆಯ ಹಿತ್ತಿಲಲ್ಲಿ ದೊಡ್ಡಬೈರಪ್ಪನವರ ಡ್ರೈಕ್ಲೀನಿಂಗ್ ಕಾರ್ಖಾನೆ. ಮದುವೆಮನೆಯ ರೇಷ್ಮೆ ಸೀರೆ, ಕೋಟು, ಶಾಲು ಎಲ್ಲ ಅಲ್ಲಿಗೆ ಬರುತ್ತವೆ. ಅಲ್ಲಿ ಬಟ್ಟೆಯನ್ನು ನೀರಿನಲ್ಲಿ ಒಗೆಯುವುದಿಲ್ಲ. ಮೂಗಿಗೆ ಸಿಹಿಯಾಗಿ ಹತ್ತುವ, ತಲೆ ತಿರುಗಿಸುವ ಒಂದು ದ್ರಾವಣದಲ್ಲಿ ಒಗೆಯುತ್ತಾರೆ. ಕೊಳೆಯೆಲ್ಲ ಅದಕ್ಕೆ ಇಳಿಯುತ್ತದೆ. ಹಾಗೆ ಕಪ್ಪಾದದ್ದನ್ನು ಯಂತ್ರದ ಹೊಟ್ಟೆಯಿಂದ ಕೆರೆದು, ಡಬ್ಬಕ್ಕೆ ತುಂಬಿ, ಹೊತ್ತು ಹೊರಗೆ ಹಾಕುವ ಕೆಲಸ ಅಂಜಿನಪ್ಪನದು. ಬರಿಗೈ. ಅಂಗೈ ಚರ್ಮ ಬಿಳಿಚಿ, ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಏಳುತ್ತಿತ್ತು. ರಾತ್ರಿ ಪಿಳ್ಳಮ್ಮ ಹರಳೆಣ್ಣೆ ಸವರುತ್ತಿದ್ದಳು.

"ಎಲ್ಲಿ ಹಾಕ್ಲಿ ಬುದ್ದಿ?" ಎಂದು ಅವನು ಮೊದಲ ದಿನವೇ ಕೇಳಿದ್ದ.

"ಆ ಹಳೇ ಬಾವಿಗೆ ಸುರಿ. ಬತ್ತಿ ಬಿದ್ದಿದೆ, ಯಾರಿಗೆ ಬೇಕು" ಎಂದಿದ್ದರು ದೊಡ್ಡಬೈರಪ್ಪ.

ಮಾವ ಮುಟ್ಟಿ ಏಟು ತಿಂದ ಬಾವಿಗೆ ಅಳಿಯ ದಿನಾ ವಿಷ ಸುರಿದ. ಈ ಸಲ ಯಾರೂ ಹೋಮ ಮಾಡಿಸಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಒಂದು ಸಂಜೆ ಅಂಜಿನಪ್ಪ ಮನೆಯಲ್ಲಿ ಲೋಟ ಎತ್ತಿದವನು ಬಾಯಿಗಿಡದೆ ಮೂಸಿದ. "ಪಿಳ್ಳಿ, ಅಲ್ಲಿ ಹಾಕಿದ್ದು ಇಲ್ಲಿ ಬರ್ತಾ ಅದೆ ಕಣೆ" ಎಂದ. ಹೇಳಿ, ಕುಡಿದ. ಬೇರೆ ನೀರಿರಲಿಲ್ಲ.

ಕೇರಿಯವರು ದೂರು ಕೊಟ್ಟರು. ನೀರಿನ ಪರೀಕ್ಷೆಯವರು ಒಂದು ಜಡಿಮಳೆಯ ಮಾರನೆಯ ದಿನ ಬಂದು ಒಂದು ಬಕೆಟ್ ತುಂಬಿಕೊಂಡು ಹೋದರು. ನೀರು ಚೆನ್ನಾಗಿದೆ ಎಂದರು.

ಅಂಜಿನಪ್ಪ ಹಾಸಿಗೆ ಹಿಡಿದ ಮೇಲೆ ಕೇರಿಗೆ ಮಾನಸ ಬಂದಳು. ಯಾವುದೋ ಕಾಲೇಜಿನಲ್ಲಿ ನೆಲದೊಳಗಿನ ನೀರಿನ ಮೇಲೆ ಸಂಶೋಧನೆ ಮಾಡುವ ಹುಡುಗಿ. ಕೈಗೆ ನೀಲಿ ಗ್ಲೌಸ್ ಹಾಕಿಕೊಂಡು ಡಬ್ಬಿಯಿಂದ ಒಂದು ಬಿಳಿ ಪಿಂಗಾಣಿ ಕೊಳವೆ ತೆಗೆದಳು. ಬೆರಳುದ್ದ, ಬೆರಳು ದಪ್ಪ. ಅದನ್ನು ಸ್ಟೀಲಿನ ಜಾಲರಿಯಲ್ಲಿಟ್ಟು, ತಂತಿ ಕಟ್ಟಿ ಬಾವಿಗೆ ಇಳಿಬಿಟ್ಟಳು. ಹೆಂಗಸರೆಲ್ಲ ಸುತ್ತ ನಿಂತಿದ್ದರು.

"ಬಕೆಟ್ ನೀರು ಒಂದು ದಿನದ ಮಾತು ಹೇಳುತ್ತೆ ಅಷ್ಟೆ ಅಮ್ಮ" ಎಂದಳು ಪಿಳ್ಳಮ್ಮನಿಗೆ. "ಇದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ನೀರಲ್ಲಿರೋ ವಿಷ ಮೆಲ್ಲಗೆ ಒಳಗೆ ಹೋಗುತ್ತೆ. ಒಳಗೆ ಸಣ್ಣ ಮಣಿಗಳಿವೆ, ಹಿಡಿದಿಟ್ಕೊಳ್ಳುತ್ತವೆ. ತಿಂಗಳುಗಟ್ಟಲೆ ಏನೇನು ಬಂತೋ ಎಲ್ಲ ಇದರಲ್ಲಿ ಉಳಿಯುತ್ತೆ. ಆಸ್ಪತ್ರೇಲಿ ಎಕ್ಸ್‌ರೇ ತೆಗೆಯೋರು ಎದೆ ಮೇಲೆ ಒಂದು ಬಿಲ್ಲೆ ಸಿಕ್ಕಿಸ್ಕೊಂಡಿರ್ತಾರೆ, ನೋಡಿದೀರಾ? ಅವರ ಮೈಗೆ ಎಷ್ಟು ಕಿರಣ ತಾಗಿತು ಅಂತ ಅದು ಹೇಳುತ್ತೆ. ಹಾಗೇ ಇದು ನೀರಿಗೆ."

ಅಂಜಿನಪ್ಪನ ಎದೆಗೆ ಯಾರೂ ಬಿಲ್ಲೆ ಸಿಕ್ಕಿಸಿರಲಿಲ್ಲ ಎಂದುಕೊಂಡಳು ಪಿಳ್ಳಮ್ಮ.

"ಒಂದೇ ಮಾತು. ಕೈಯಲ್ಲಿ ಮುಟ್ಟಬೇಡಿ" ಎಂದಳು ಮಾನಸ.

ಗುಂಪು ತಣ್ಣಗಾಯಿತು. ಆ ಮಾತನ್ನು ಅವರು ಹುಟ್ಟಿದಂದಿನಿಂದ ಕೇಳಿದ್ದರು. ಮಾನಸ ನೀಲಿ ಕೈ ಎತ್ತಿ ತೋರಿಸಿದಳು. "ನಂದೂ ತಾಗಬಾರದು. ಯಾರ ಕೈ ತಾಗಿದ್ರೂ ಕೆಡುತ್ತೆ. ಕೈಯಲ್ಲಿ ಎಣ್ಣೆ ಇರುತ್ತೆ, ಸೋಪು ಇರುತ್ತೆ."

"ಹಂಗಾದ್ರೆ ಮಡಿ ಅನ್ನಿ" ಎಂದಳು ನರಸಮ್ಮ.

ಮಾನಸ ನಕ್ಕಳು. "ಹ್ಞೂಂ, ಒಂಥರಾ ಮಡೀನೇ."

ಅಂದಿನಿಂದ ಅದಕ್ಕೆ ಮಡಿ ಕೊಳವೆ ಎಂದೇ ಹೆಸರಾಯಿತು. ಆ ಹೆಸರೇ ಕೆಲಸ ಕೆಡಿಸಿತು. ಮಡಿ ಎಂದ ಮೇಲೆ ಅದು ದೇವರ ಸಾಮಾನು. ಗೌರಿ ಹಬ್ಬದ ದಿನ ಗಂಗೆ ಪೂಜೆ ಮಾಡುವಾಗ ದೇವರ ಸಾಮಾನಿಗೆ ಬೊಟ್ಟಿಡದೆ ಬಿಡುವುದು ಹೇಗೆ? ಮುಟ್ಟಬಾರದು ನಿಜ. ಆದರೆ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲಿ ಬಂದರೆ ಮುಟ್ಟಬಹುದಲ್ಲ. ದೊಡ್ಡ ಮನೆಗಳಲ್ಲಿ ಹಾಗೇ ಮಾಡುತ್ತಾರೆ. ಪಿಳ್ಳಮ್ಮ ಒದ್ದೆ ಸೀರೆಯಲ್ಲಿ ನಡುಗುತ್ತ ತಂತಿ ಎಳೆದಳು. ಕೊಳವೆಯನ್ನು ಸೀಗೇಪುಡಿಯಲ್ಲಿ ತಿಕ್ಕಿ ತೊಳೆದಳು. ಅರಿಸಿನ ಮೆತ್ತಿದಳು. ಕುಂಕುಮವಿಟ್ಟಳು. ಕರ್ಪೂರ ಹಚ್ಚಿ, "ಅವನ ಕಣ್ಣಿನ ಹಳದಿ ಇಳಿಸು ತಾಯಿ" ಎಂದು ಬೇಡಿಕೊಂಡು ಮತ್ತೆ ನೀರಿಗೆ ಬಿಟ್ಟಳು.

ಮಾನಸ ಬಂದಾಗ ಬಿಳಿ ಕೊಳವೆ ಹಳದಿಯಾಗಿತ್ತು. ಅವಳು ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟಳು. ಬೈಯಲಿಲ್ಲ. "ಇದು ಹೋಯ್ತು ಅಮ್ಮ" ಎಂದಳು ಅಷ್ಟೆ.

ದೀಪಾವಳಿಗೆ ಮುಂಚೆ ಅಂಜಿನಪ್ಪನೂ ಹೋದ.

ಕಾರ್ತಿಕದಲ್ಲಿ ಮಾನಸ ಇನ್ನೊಂದು ಕೊಳವೆ ತಂದಳು. "ಇದೇ ಕೊನೇದು. ಇದೂ ಕೆಟ್ಟರೆ ನಮ್ಮ ಪ್ರೊಫೆಸರ್ ಇಲ್ಲಿಗೆ ಮತ್ತೆ ಕೊಡಲ್ಲ. ಶಿವರಾತ್ರಿ ಹೊತ್ತಿಗೆ ತೆಗೀತೀನಿ. ಅಲ್ಲಿವರೆಗೂ ನೋಡ್ಕೋತೀರಾ?"

"ನೋಡ್ಕೋತೀನಿ ತಾಯಿ."

ಪಿಳ್ಳಮ್ಮನಿಗೆ ಅಂಜಿನಪ್ಪ ತಿರುಗಿ ಬರುವುದಿಲ್ಲ ಎಂದು ಗೊತ್ತಿತ್ತು. ಅವನ ಹೆಸರಿಗೆ ಅಂಟಿದ ಹೆಂಡದ ವಾಸನೆ ತೊಳೆಯಬೇಕಿತ್ತು. ಅದಕ್ಕೆ ಅವಳಿಗೆ ಇದ್ದದ್ದು ಬೆರಳುದ್ದದ ಆ ಪಿಂಗಾಣಿ ಒಂದೇ.

ಬೆಳಗ್ಗೆ ಕತ್ತಲಲ್ಲೇ ಪೊರಕೆ ಹಿಡಿದು ಹೋಗುತ್ತಿದ್ದಳು. ದೊಡ್ಡಬೈರಪ್ಪನವರ ಮನೆಯಿಂದ ಮಾರುಕಟ್ಟೆಯವರೆಗೆ ರಸ್ತೆ ಗುಡಿಸಬೇಕು, ಮೋರಿಯ ಕೆಸರು ಎತ್ತಬೇಕು, ತಳ್ಳುಗಾಡಿ ತಳ್ಳಬೇಕು. ಬಂದು ಕೈಕಾಲು ತೊಳೆದು ಬಾವಿಕಟ್ಟೆಯ ಪಕ್ಕ ಕೂರುತ್ತಿದ್ದಳು. ಕಾರ್ತಿಕದಲ್ಲಿ ಹೆಂಗಸರು ಬಾವಿಗೆ ದೀಪವಿಡಲು ಬಂದರು. "ಎಣ್ಣೆ ಬೀಳ್ತದೆ ಕಣವ್ವ, ದೂರ ಇಡಿ" ಎಂದಳು. ಅರಿಸಿನ ತಂದರು. ಬೇಡ ಎಂದಳು. ಗಂಗಮ್ಮನಿಗೆ ಒಂದು ಹೂವು ಹಾಕದೆ ಮುಖ ತೊಳೆಯದಿದ್ದವಳು ಈಗ ದೂರದಿಂದ ಕೈಮುಗಿದು ಸುಮ್ಮನಾಗುತ್ತಿದ್ದಳು.

"ತನ್ನ ಬೊಟ್ಟು ಹೋಯ್ತು ಅಂತ ಬಾವಿ ಬೊಟ್ಟೂ ಕಿತ್ಕೊಂಡ್ಲು" ಎಂದಳು ನರಸಮ್ಮ, ಕೇಳುವ ಹಾಗೇ.

ಆ ಮಾತಾದ ಮೇಲೆ ಯಾರೂ ಕಟ್ಟೆಗೆ ಬಂದು ಕೂರಲಿಲ್ಲ. ಬರುವರು, ನೀರು ಸೇದುವರು, ಹೋಗುವರು. ಕೊಡ ತಂತಿಗೆ ತಾಗದಂತೆ ಪಿಳ್ಳಮ್ಮ ನೋಡುತ್ತಿದ್ದಳು. ಮಾತಾಡಲು ಒಬ್ಬರಿರಲಿಲ್ಲ. ಒಮ್ಮೊಮ್ಮೆ ಬಾವಿಯೊಳಗೆ ಬಗ್ಗಿ, "ಇದೀಯಾ?" ಎನ್ನುತ್ತಿದ್ದಳು. ಕೊಳವೆಗೆ ಹೇಳಿದಳೋ ಅಂಜಿನಪ್ಪನಿಗೋ ಅವಳಿಗೂ ತಿಳಿಯದು.

ಸಂಕ್ರಾಂತಿಗೆ ಸ್ವಲ್ಪ ದಿನ ಇರುವಾಗ ದೊಡ್ಡಬೈರಪ್ಪ ಕೇರಿಗೆ ಬಂದರು. ಹಿಂದೆ ಕಾರ್ಪೊರೇಟರ್ ಆಗಿದ್ದವರು. ವೋಟಿನ ಕಾಲ ಬಿಟ್ಟು ಅವರ ಕಾಲು ಆ ಓಣಿಗೆ ಬಿದ್ದದ್ದು ಅದೇ ಮೊದಲು. ಕುರ್ಚಿ ಹಾಕಿದರು. ಕೂತರು. ಅದೂ ಮೊದಲು.

"ಹಬ್ಬದ ದಿನ ನಮ್ಮ ಮನೆಯವರು ನಿಮ್ಮ ಬಾವಿಗೆ ಬಾಗಿನ ಕೊಡ್ತಾರೆ" ಎಂದರು. "ಎನ್.ಆರ್. ಕಾಲೋನಿಯಿಂದ ಶೀನಣ್ಣನವರು ಬಂದು ಪೂಜೆ ಮಾಡಿಸ್ತಾರೆ. ಹಿರಿಯರ ಕಾಲದಲ್ಲಿ ಏನೇನೋ ಆಗಿದೆ, ಮರೆತುಬಿಡಾಣ. ಆಮೇಲೆ ನನ್ನ ಖರ್ಚಲ್ಲೇ ಬಾವಿ ಶುದ್ಧಿ ಮಾಡಿಸ್ತೀನಿ. ಪಂಪ್ ಇಟ್ಟು ನೀರೆಲ್ಲ ಎತ್ತಿಸಿ, ಒಳಗಿರೋ ಹಾಳುಮೂಳೆಲ್ಲ ತೆಗೆಸಿ, ಬ್ಲೀಚಿಂಗ್ ಪುಡಿ ಹಾಕಿಸ್ತೀನಿ."

ಹಾಳುಮೂಳು ಎನ್ನುವಾಗ ಅವರ ಕಣ್ಣು ತಂತಿಯ ಮೇಲಿತ್ತು.

ಕೇರಿಯ ಮುದುಕರು ಅತ್ತರು. ನೆರಳು ಬಿದ್ದರೆ ಬೈಸಿಕೊಂಡಿದ್ದವರು ಅವರು. ಈಗ ಆ ಮನೆಯ ಹೆಂಗಸು ಮೊರದ ಬಾಗಿನ ಹಿಡಿದು ತಮ್ಮ ಬಾವಿಗೆ ಬರುತ್ತಾಳೆ. ನರಸಮ್ಮ ಮನೆಗೆ ಸುಣ್ಣ ಹೊಡೆಸಿದಳು.

ಪಿಳ್ಳಮ್ಮ ಮಾನಸಳಿಗೆ ಫೋನ್ ಮಾಡಿದಳು. ಮಾನಸ ಡೆಲ್ಲಿಯಲ್ಲಿದ್ದಳು. "ಅಯ್ಯೋ, ನಾನು ಊರಲ್ಲಿಲ್ಲ ಅಮ್ಮ. ಪೊಲೀಸಿಗೆ ಹೇಳೋಕಾಗುತ್ತಾ ನೋಡಿ."

"ಏನಂತ ಹೇಳ್ಲಿ ತಾಯಿ? ಪೂಜೆ ಮಾಡೋಕೆ ಬರ್ತಾವ್ರೆ ಅಂತಲಾ?"

ಫೋನ್ ಇಟ್ಟು ಬಾವಿಕಟ್ಟೆಗೆ ಹೋಗಿ ಕೂತಳು.

ಸಂಕ್ರಾಂತಿ ಬಂತು. ಕಸ ಗುಡಿಸುವವರಿಗೆ ಹಬ್ಬದ ರಜೆಯಿಲ್ಲ. ಹಬ್ಬದ ದಿನ ಕಸ ಜಾಸ್ತಿ. ಪಿಳ್ಳಮ್ಮ ಕಬ್ಬಿನ ಸಿಪ್ಪೆ ಗುಡಿಸುತ್ತಿದ್ದಾಗ ಓಲಗದ ಸದ್ದು ಓಣಿಯ ಕಡೆ ತಿರುಗಿತು. ಗಾಡಿ ಅಲ್ಲೇ ಬಿಟ್ಟು, ಪೊರಕೆ ಕೈಯಲ್ಲಿ ಹಿಡಿದಂತೆಯೇ ಓಡಿದಳು.

ಓಲಗದವರು ಮುಂದೆ. ಮಡಿಪಂಚೆ ಉಟ್ಟ ಶೀನಣ್ಣನವರು, ವಯಸ್ಸಾದ ಪುರೋಹಿತರು, ಕೈಯಲ್ಲಿ ಕಳಶ ಹಿಡಿದಿದ್ದರು. ದೊಡ್ಡಬೈರಪ್ಪನವರ ಹೆಂಡತಿ ಮುನಿಲಕ್ಷ್ಮಮ್ಮ ಮೊರ ಹೊತ್ತಿದ್ದರು. ಒಬ್ಬ ಫೋಟೋದವನು. ಕೊನೆಯಲ್ಲಿ ಇಬ್ಬರು ಆಳುಗಳು ಪಂಪು ಮತ್ತು ಬ್ಲೀಚಿಂಗ್ ಮೂಟೆ ಇಟ್ಟ ಕೈಗಾಡಿ ತಳ್ಳುತ್ತಿದ್ದರು. ಕೇರಿಯೆಲ್ಲ ಹೊಸ ಬಟ್ಟೆ ಉಟ್ಟು ನಿಂತಿತ್ತು.

ಪಿಳ್ಳಮ್ಮ ಬಾವಿಕಟ್ಟೆ ಹತ್ತಿದಳು. ಸೀರೆಗೆ ಮೋರಿಯ ಕೆಸರು. ಎಡಗೈಯಿಂದ ರಾಟೆಯ ಕಂಬ ಅಪ್ಪಿಕೊಂಡಳು.

"ಮುಟ್ಟಬೇಡಿ" ಎಂದಳು.

ಓಲಗ ನಿಂತಿತು.

"ಯಾರಿಗೆ ಹೇಳ್ತಿದೀಯ ಪಿಳ್ಳಮ್ಮ?" ದೊಡ್ಡಬೈರಪ್ಪನವರ ದನಿ ಮೆತ್ತಗಿತ್ತು.

"ನಿಮಗೇ."

ಬುದ್ದಿ ಎಂಬ ಮಾತು ಅದರ ಹಿಂದೆ ಬರಲಿಲ್ಲ. ಬರುತ್ತದೆಂದು ಎಲ್ಲರೂ ಒಂದು ಗಳಿಗೆ ಕಾದರು.

"ನಾವಾಗಿ ನಿಮ್ಮ ಬಾವಿಗೆ ಬಂದಿದೀವಿ. ನಿಮ್ಮಪ್ಪನ ಕಾಲದಲ್ಲಿ ಇಂಥದ್ದು ಕನಸಲ್ಲಾದ್ರೂ ಆಗ್ತಿತ್ತಾ?"

"ಇಲ್ಲ. ನಮ್ಮಪ್ಪ ನಿಮ್ಮ ಬಾವಿ ಮುಟ್ಟಿದಾಗ ಬೆನ್ನ ಮೇಲೆ ಬರೆ ಎದ್ದವು. ನಾನು ಹೊಡೆಯಲ್ಲ. ಮುಟ್ಟಬೇಡಿ ಅಂತೀನಿ, ಅಷ್ಟೆ. ನಿಮ್ಮ ಕೈ ತಾಗಿದ್ರೆ ಕೆಡುತ್ತೆ."

"ಹುಚ್ಚು ಹಿಡಿದದೆ ಇವಳಿಗೆ, ಗಂಡ ಸತ್ತಾಗಿನಿಂದ" ಎಂದು ನರಸಮ್ಮ ಮುಂದೆ ಬಂದಳು. "ಇಳಿಯಮ್ಮಿ ಕೆಳಕ್ಕೆ. ನಮ್ಮ ಮಾನ ಕಳೀಬೇಡ. ಹಬ್ಬದ ದಿನ, ಮನೆ ಬಾಗಿಲಿಗೆ ಬಂದವರನ್ನ" ಎಂದು ಸೆರಗು ಹಿಡಿದು ಎಳೆದಳು. ಇನ್ನಿಬ್ಬರು ಕೈಹಾಕಿದರು. ಪಿಳ್ಳಮ್ಮನ ಮೊಣಕೈ ಕಲ್ಲಿಗೆ ತರಚಿತು. ಕಂಬ ಬಿಡಲಿಲ್ಲ. ಎಳೆದವರೆಲ್ಲ ಅವಳ ಜೊತೆ ಅದೇ ನೀರು ಕುಡಿದವರು.

"ಅವರ ಹಳೇ ಬಾವಿಗೆ ಪೂಜೆ ಮಾಡಿಸಿ ಮೊದಲು" ಎಂದಳು ಏದುಸಿರಲ್ಲೇ. "ಅದರ ಮುಚ್ಚಳ ತೆಗೀಲಿ. ಅಂಜಿನಪ್ಪ ಹೊತ್ತು ಹಾಕಿದ್ದು ಅಲ್ಲೇ ಅದೆ. ಅಲ್ಲಿ ಬಾಗಿನ ಬಿಡ್ಲಿ. ನಾನೇ ಬಂದು ಗುಡಿಸಿ ನೀರು ಹಾಕಿ ರಂಗೋಲಿ ಇಡ್ತೀನಿ."

ದೊಡ್ಡಬೈರಪ್ಪ ಆಳುಗಳ ಕಡೆ ಕಣ್ಣು ಹಾಕಿದರು. ಅಷ್ಟರಲ್ಲಿ ಶೀನಣ್ಣನವರು ಕೇಳಿದರು, "ಬಾವಿಯೊಳಗೆ ಏನಿದೆಯಮ್ಮ?"

"ಮಡಿ ಅದೆ ಸಾಮಿ. ಇಟ್ಟವರೇ ಬಂದು ತೆಗೆಯೋವರೆಗೆ ಯಾರೂ ಮುಟ್ಟಂಗಿಲ್ಲ. ನಾನೂ ಮುಟ್ಟಂಗಿಲ್ಲ. ಒಂದು ಸಲ ಮುಟ್ಟಿ ಕೆಡಿಸಿದೀನಿ."

ಶೀನಣ್ಣನವರು ಕಟ್ಟೆಯ ಮೇಲಿಟ್ಟಿದ್ದ ಪಾದವನ್ನು ಹಿಂದೆ ತೆಗೆದುಕೊಂಡರು. ಎಂಬತ್ತು ವರ್ಷಗಳ ಹತ್ತಿರದ ಅಭ್ಯಾಸ. ಮಡಿ ಎಂಬ ಮಾತು ಕಿವಿಗೆ ಬಿದ್ದರೆ ಕಾಲು ತಾನೇ ಹಿಂದೆ ಸರಿಯುತ್ತದೆ. ಸರಿದ ಮೇಲೆ ಅವರು ತಮ್ಮ ಪಾದವನ್ನು ನೋಡಿಕೊಂಡರು. ಆಮೇಲೆ ಪಿಳ್ಳಮ್ಮನ ರಕ್ತ ಸೋರುವ ಮೊಣಕೈ ನೋಡಿದರು.

"ಬೈರಪ್ಪ, ಮಡಿಯಲ್ಲಿ ಇಟ್ಟದ್ದನ್ನ ನಾನು ಮುಟ್ಟೋಲ್ಲಪ್ಪ" ಎಂದರು.

"ಶೀನಣ್ಣ, ಅದು ಮಡಿಯಲ್ಲ, ಯಾವುದೋ ಕೊಳವೆ..."

"ಹಾಗಾದ್ರೆ ಏನಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತು."

ಫೋಟೋದವನು ಕ್ಯಾಮೆರಾ ಎತ್ತಿದ. ಕೆಸರು ಸೀರೆಯ ಹೆಂಗಸನ್ನು ಆಳುಗಳು ಎಳೆದುಹಾಕುವ ಚಿತ್ರ ದೊಡ್ಡಬೈರಪ್ಪನವರಿಗೆ ಬೇಕಿರಲಿಲ್ಲ. ಅವರು ಪಂಚೆ ಎತ್ತಿಕಟ್ಟಿ ತಿರುಗಿದರು. ಓಲಗವಿಲ್ಲದೆ ಎಲ್ಲರೂ ಹೋದರು. ಮುನಿಲಕ್ಷ್ಮಮ್ಮ ಒಂದು ಗಳಿಗೆ ನಿಂತಿದ್ದು, ಮೊರವನ್ನು ನೆಲದ ಮೇಲಿಟ್ಟು ಗಂಡನ ಹಿಂದೆ ನಡೆದರು.

ಮಾರನೆಯ ದಿನ ಮೇಸ್ತ್ರಿ ಹೇಳಿದ, "ನಿನ್ನ ಪೊರಕೆ ಇನ್ಮೇಲೆ ಇಲ್ಲಿಲ್ಲಮ್ಮ. ಉಪ್ಪಾರಪೇಟೆ. ಲಾಡ್ಜುಗಳ ಹಿಂದಿನ ಮೋರಿ." ಪಿಳ್ಳಮ್ಮ ಹೋದಳು. ಸೊಂಟದವರೆಗೆ ಇಳಿದು ಮೋರಿ ಎತ್ತಿದಳು. ಬಂದು ಬಾವಿಯ ಪಕ್ಕ ಕುಳಿತಳು. ಕೇರಿಯಲ್ಲಿ ಅವಳಿಗೆ ಒಂದು ಬೆಂಕಿಕಡ್ಡಿ ಕೊಡುವವರಿಲ್ಲ. ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಬಾರದ ಗೌರವ ಬಂದಿತ್ತು, ಇವಳು ಪೊರಕೆ ತೋರಿಸಿ ಓಡಿಸಿದಳು ಎಂದರು. ಮೊರವನ್ನು ನರಸಮ್ಮ ಎತ್ತಿಟ್ಟುಕೊಂಡಳು, ದೇವರ ಮುಂದೆ.

ಶಿವರಾತ್ರಿಗೆ ಮುಂಚೆ ಮಾನಸ ಬಂದಳು. ನೀಲಿ ಗ್ಲೌಸ್ ಹಾಕಿಕೊಂಡು ತಂತಿ ಎಳೆದಳು. ಕೊಳವೆಯ ಬಿಳಿ ಮಾಸಿ ಚಹಾದ ಕಲೆಯ ಬಣ್ಣಕ್ಕೆ ತಿರುಗಿತ್ತು. ಅರಿಸಿನವಿಲ್ಲ, ಕುಂಕುಮವಿಲ್ಲ. "ಚೆನ್ನಾಗಿದೆ ಅಮ್ಮ. ಯಾರೂ ಮುಟ್ಟಿಲ್ಲ" ಎಂದು ಡಬ್ಬಿಯಲ್ಲಿಟ್ಟು ಮುಚ್ಚಿದಳು. ಅವಳ ಮುಖದಲ್ಲಿ ಸಂತೋಷವಿತ್ತು.

"ಒಂದು ಮಾತು ಕೇಳ್ಲಾ ತಾಯಿ?"

"ಕೇಳಿ."

"ಅಂಜಿನಪ್ಪ ಕುಡೀತಿರಲಿಲ್ಲ ಅಂತ ಅದು ಹೇಳುತ್ತಾ?"

ಮಾನಸ ಗ್ಲೌಸ್ ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. "ಇದು ನೀರಿನ ವಿಷಯ ಮಾತ್ರ ಹೇಳುತ್ತೆ ಅಮ್ಮ" ಎಂದಳು.

ಪಿಳ್ಳಮ್ಮ ತಲೆ ಆಡಿಸಿದಳು. "ನೀರಿಂದು ಅದು ಹೇಳ್ಲಿ. ಅವನದು ನಾನು ಹೇಳ್ತೀನಿ."

ಮಾನಸ ಡಬ್ಬಿ ಹಿಡಿದು ಓಣಿ ದಾಟಿದಳು. ಬಾಗಿಲುಗಳ ಸಂದಿಯಿಂದ ನೋಡುತ್ತಿದ್ದವರು ಬಾಗಿಲು ಹಾಕಿಕೊಂಡರು. ಪಿಳ್ಳಮ್ಮ ಒಳಗೆ ಹೋಗಿ ಅರಿಸಿನದ ಬಟ್ಟಲು ತಂದಳು. ಗೌರಿ ಹಬ್ಬದಿಂದ ಮುಟ್ಟಿರದ ಅರಿಸಿನ ಗಟ್ಟಿಯಾಗಿತ್ತು. ಅಂಗೈಯಲ್ಲಿ ತೇದು, ಬಾವಿಕಟ್ಟೆಯ ಕಲ್ಲಿಗೆ ಸುತ್ತಲೂ ಹಚ್ಚಿದಳು. ಗಂಡ ಸತ್ತವಳ ಕೈ ಎಂದು ತಡೆಯಲು ಯಾರೂ ಬರಲಿಲ್ಲ. ಜೊತೆಗೆ ನಿಲ್ಲಲೂ ಯಾರೂ ಬರಲಿಲ್ಲ. ಹೂವಿರಲಿಲ್ಲ. ಕರ್ಪೂರ ಹಚ್ಚಿದಳು.

"ಇವತ್ತಿಗೆ ಮಡಿ ಮುಗೀತು ತಾಯಿ" ಎಂದಳು. "ಮುಟ್ತಾ ಇದೀನಿ."

ಕರ್ಪೂರ ಆರುವವರೆಗೂ ಕಲ್ಲಿನ ಮೇಲಿಂದ ಕೈ ತೆಗೆಯಲಿಲ್ಲ. ಆಮೇಲೆ ಕೊಡ ಎತ್ತಿಕೊಂಡು, ಬಾವಿಗೆ ಬಿಡದೆ, ಇನ್ನೂ ನೀರು ಬಾರದ ನಲ್ಲಿಯ ಮುಂದೆ ಕಾಯಲು ನಡೆದಳು.